ಕೋಡಿ ಹರಿದ ದಿನದ ಸುದ್ದಿ

2021ರ ನವೆಂಬರ್. ಕೋಲಾರದ ಕಡೆ ಅಂಥ ಮಳೆಯನ್ನು ನಾನು ಕಂಡಿರಲಿಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಕೆರೆ ತುಂಬಿದರೆ ಸರಿ, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ. ಅಂಥದ್ದರಲ್ಲಿ ನಮ್ಮೂರ ಕೆರೆ ಕೋಡಿ ಹರಿಯಿತು. ಹೆಂಗಸರು ಬಾಗಿನಕ್ಕೆ ಮೊರ ಹುಡುಕುತ್ತಿದ್ದರು.

ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಅವತ್ತು ಶಾಲೆಗೆ ಮಳೆ ರಜೆ. ಏಳೆಂಟು ಮಕ್ಕಳು ಬಂದು ಕೂತಿದ್ದರು. ಮೇಜಿನ ಮೇಲಿದ್ದ ಪೇಪರಿನ ಮಡಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಮಧ್ಯಾಹ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಫೋನ್ ಹಿಡಿದು ಓಡಿ ಬಂದಳು.

"ಅಕ್ಕಾ, ನಮ್ಮ ಕೆರೆ ಏರಿ ಒಡೆದುಹೋಗಿದೆಯಂತೆ!"

ಇಪ್ಪತ್ತು ಸೆಕೆಂಡಿನ ವಿಡಿಯೊ. ಕೆಂಪು ನೀರು ನುಗ್ಗಿ ಬರುತ್ತಿದೆ, ಜನ ಕಿರುಚುತ್ತಿದ್ದಾರೆ. ಕೆಳಗೆ ನಮ್ಮೂರ ಹೆಸರು ಬರೆದಿತ್ತು. ಕೆಳಗಿನ ಬೀದಿಯವರು ಆಗಲೇ ರಾಗಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಾರೆ ಅಂದಳು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದಿದ್ದು ನೆನಪಾಯಿತು. ಫೋನಿನಿಂದ ಬಂದ ಭಯ ಬೀದಿಗಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

"ಸುಳ್ಳು, ಹೋಗ್ರೋ" ಅಂದುಬಿಡಬಹುದಿತ್ತು. ಆದರೆ ನನಗೂ ನಿಜ ಗೊತ್ತಿರಲಿಲ್ಲ. "ಗೊತ್ತಿಲ್ಲ, ಬನ್ನಿ ನೋಡೋಣ" ಅಂದೆ.

ವಿಡಿಯೊ ಮೇಲೆ ಎರಡು ಬಾಣದ ಗುರುತಿತ್ತು. ತುಂಬಾ ಸಲ ಕೈ ಬದಲಾಯಿಸಿದ್ದು ಅಂತ ಅದರ ಅರ್ಥ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಆದರೆ ಊರಿನ ಗ್ರೂಪಿಗೆ ಒಂದು ಸಲ ಹಾಕಿದರೆ ಸಾಕಲ್ವಾ? ಮತ್ತೆ ಮತ್ತೆ ನಿಲ್ಲಿಸಿ ನೋಡಿದೆವು. ಒಬ್ಬ ಹುಡುಗ ಅಂಗಡಿ ಬೋರ್ಡಿನ ಮೇಲೆ ಬೆರಳಿಟ್ಟ. "ಅಕ್ಕಾ, ಇದು ಕನ್ನಡವೂ ಅಲ್ಲ, ತೆಲುಗೂ ಅಲ್ಲ." ಇನ್ನೊಬ್ಬಳು, "ನಮ್ಮ ಏರಿ ಹತ್ರ ಇಷ್ಟು ತೆಂಗಿನಮರ ಎಲ್ಲಿವೆ?" ಅಂದಳು. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆ. 2018ರ ಕೇರಳ ಪ್ರವಾಹದ ಸುದ್ದಿಯಲ್ಲಿ ಅದೇ ಚಿತ್ರ ಸಿಕ್ಕಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಫೋನ್ ತಂದಿದ್ದ ಹುಡುಗಿ ಮಾತ್ರ ತಟ್ಟಲಿಲ್ಲ. "ವಿಡಿಯೊ ಹಳೇದು ಸರಿ. ಆದ್ರೆ ನಮ್ಮ ಏರಿ ಚೆನ್ನಾಗಿದೆ ಅಂತ ಹೇಗೆ ಹೇಳೋದು?"

ಅವತ್ತು ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ನನಗೆ ಹೊಳೆದಿರಲಿಲ್ಲ.

ಚಿಕ್ಕವರನ್ನು ಅಲ್ಲೇ ಬಿಟ್ಟು ದೊಡ್ಡವರಿಬ್ಬರ ಜೊತೆ ಹೊರಟೆ. ಗುಡಿಯ ಹತ್ತಿರವೇ, ಕೆರೆ ನೀರು ನೋಡಿಕೊಳ್ಳುವ ನೀರಗಂಟಿ ತಾತ ಸಿಕ್ಕರು. ಗೋಣಿಚೀಲ ಹೊದ್ದುಕೊಂಡಿದ್ದರು, ಮೊಣಕಾಲವರೆಗೆ ಕೆಸರು.

"ಏರಿ ಗಟ್ಟಿಯಾಗೈತೆ ಕಣಮ್ಮ. ತೂಬಿನ ಪಕ್ಕ ಒಸಿ ಜಿನುಗ್ತೈತೆ, ಮರಳು ಮೂಟೆ ಹಾಕಿದೀವಿ. ಜಿನುಗೋ ನೀರು ತಿಳಿಯಾಗಿರೋಗಂಟ ಭಯ ಇಲ್ಲ. ಕೆಂಪಗೆ ಬಂತೋ, ಒಳಗೆ ಮಣ್ಣು ಕೊಚ್ಕೊಂಡು ಬರ್ತೈತೆ ಅಂತ ಲೆಕ್ಕ."

ದೂರದಿಂದಲೇ ನೋಡಿದೆವು. ನೀರು ತಿಳಿಯಾಗಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಫೋನ್ ಮಾಡಿ ಕೇಳಿದೆ. ಅವರೂ ಅದನ್ನೇ ಹೇಳಿದರು.

ಲೈಬ್ರರಿ ಹೊರಗಿನ ಕರಿಹಲಗೆಯ ಮೇಲೆ ಬರೆಯಲು ಹೊರಟಾಗ ಜಗಳ ಶುರುವಾಯಿತು. 'ಸೋರಿಕೆ' ಅಂತ ಬರೆದರೆ ಜನ ಹೆದರುತ್ತಾರೆ ಅಂತ ಒಬ್ಬ. ಬರೆಯದಿದ್ದರೆ ಮುಚ್ಚಿಟ್ಟ ಹಾಗಾಗುತ್ತೆ ಅಂತ ಇನ್ನೊಬ್ಬಳು. ಕೊನೆಗೆ ತಾತನ ಮಾತೇ ಗೆದ್ದಿತು.

"ಏರಿ ಒಡೆದಿಲ್ಲ. ತೂಬಿನ ಹತ್ತಿರ ನೀರು ಜಿನುಗುತ್ತಿದೆ. ನೀರು ತಿಳಿಯಾಗಿದೆ. ಮರಳು ಮೂಟೆ ಹಾಕಿದ್ದಾರೆ. ಹೇಳಿದವರು ನೀರಗಂಟಿ ಮತ್ತು ಪಿಡಿಒ. ನಾವೇ ನೋಡಿದ್ದು ಸಂಜೆ 4ಕ್ಕೆ. ವಿಡಿಯೊ 2018ರ ಕೇರಳದ್ದು."

ಜನ ನಿಂತು ಓದಿದರು. ಓದು ಬಾರದ ಅಜ್ಜಿಗೆ ಒಬ್ಬಳು ಓದಿ ಹೇಳಿದಳು. ಅಜ್ಜಿ "ನೀನೇ ನೋಡ್ದಾ?" ಅಂತ ಕೇಳಿದರು. "ಹ್ಞೂಂ ಅಜ್ಜಿ, ನಾನೇ" ಅನ್ನುವಾಗ ಆ ಹುಡುಗಿಯ ಮುಖ ನೋಡಬೇಕಿತ್ತು.

ಆಮೇಲೆ ಅಂಗಡಿ ಬೋರ್ಡು ತೋರಿಸಿದ್ದ ಹುಡುಗ ತಾನಾಗಿಯೇ ಪೇಪರಿನ ಮಡಿಕೆ ಬಿಚ್ಚಿದ. "ಅಕ್ಕಾ, ಕ್ಯೂಸೆಕ್ ಅಂದ್ರೇನು?" ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ನಮ್ಮ ಮನೆ ಬಿಂದಿಗೆ ಲೆಕ್ಕದಲ್ಲಿ ಎರಡು ಬಿಂದಿಗೆ ಅಂದೆ. "ಅಷ್ಟೇನಾ? ಹಾಗೇ ಬರೀಬಹುದಿತ್ತಲ್ಲ!" ಅಂದ. ಮಕ್ಕಳು ಪೇಪರ್ ಓದಲ್ಲ ಅಂತ ನಾನೂ ಎಷ್ಟೋ ಸಲ ಬೈದಿದ್ದೆ. ಆ ಬಿಂದಿಗೆ ಲೆಕ್ಕವನ್ನು ಅವರಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ಮಾರನೇ ದಿನ ಬೀಗ ತೆಗೆಯಲು ಹೋದಾಗ ಹಲಗೆಯ ಮೇಲೆ ಹೊಸ ಸಾಲು ಕಂಡಿತು. ಸೀಮೆಸುಣ್ಣ ಮಳೆಗೆ ಸ್ವಲ್ಪ ಹರಡಿತ್ತು.

"ಬೆಳಿಗ್ಗೆ 7. ನೀರು ಈಗಲೂ ತಿಳಿಯಾಗಿದೆ. ತಾತನ ಜೊತೆ ಹೋಗಿ ನೋಡಿದೆವು."