ಮ್ಯಾಡ್ರಿಡ್ ಆಕಾಶದಲ್ಲಿ ಅಂಥದ್ದೇನಿದೆ?

"ಆಕಾಶ ಎಲ್ಲಾ ಊರಿಗೂ ಒಂದೇ ಅಲ್ವಾ?" ಮ್ಯಾಡ್ರಿಡ್‌ನ ನನ್ನ ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಇಲ್ಲಿನ ಜನರ ಬಾಯಲ್ಲಿ ಒಂದು ಮಾತಿದೆ: 'ದೆ ಮದ್ರಿದ್ ಅಲ್ ಥಿಯೆಲೊ'. ಮ್ಯಾಡ್ರಿಡ್‌ನಿಂದ ಆಕಾಶಕ್ಕೆ, ಅಂತ ಅರ್ಥ. ಅರ್ಥ ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ, ಅದೂ ಒಂದು ನಗುವಿನ ಜೊತೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಒಂದೇ ಅಲ್ಲ.

ಈ ಊರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಒಣ ಬಯಲಿನಲ್ಲಿದೆ. ಸಮುದ್ರ ಬಹಳ ದೂರ. ವರ್ಷದ ಮಳೆ 400 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗಾಳಿಯಲ್ಲಿ ತೇವ ಕಡಿಮೆ ಇರುವುದರಿಂದ ನೀಲಿ ಬಿಳಿಚಿಕೊಳ್ಳುವುದಿಲ್ಲ. ಜನವರಿಯ ಬೆಳಗ್ಗೆ ಉತ್ತರಕ್ಕೆ ನೋಡಿದರೆ ಗ್ವಾದರ್ರಾಮ ಬೆಟ್ಟಸಾಲಿನ ಹಿಮ ಊರಿನಿಂದಲೇ ಕಾಣುತ್ತದೆ.

ನನ್ನ ಮಾತು ನಂಬದಿದ್ದರೆ ಪ್ರಾದೊ ಮ್ಯೂಸಿಯಂಗೆ ಹೋಗಿ. ರಾಜಕುಮಾರ ಬಾಲ್ತಸಾರ್ ಕಾರ್ಲೋಸ್ ಕುದುರೆ ಮೇಲೆ ಕೂತಿರುವ ಚಿತ್ರ ಹುಡುಕಿ. ಸ್ಪೇನ್‌ನ ಚಿತ್ರಕಾರ ವೆಲಾಸ್ಕೆಸ್ 1630ರ ದಶಕದಲ್ಲಿ ಬರೆದದ್ದು. ಹಿಂದೆ ಇದೇ ಬೆಟ್ಟ, ಇದೇ ನೀಲಿ. ಆಮೇಲೆ ಹೊರಗೆ ಬಂದು ತಲೆ ಎತ್ತಿ. ಅಂಥ ಆಕಾಶಕ್ಕೆ ಇಲ್ಲಿಯವರು ಇವತ್ತಿಗೂ ವೆಲಾಸ್ಕೆಸ್ ಹೆಸರನ್ನೇ ಇಟ್ಟು ಕರೆಯುತ್ತಾರೆ.

ಹೊಗೆ ಇಲ್ವಾ ಅಂತ ಕೇಳುವವರೂ ಇದ್ದಾರೆ. ಇದೆ. ಚಳಿಗಾಲದಲ್ಲಿ ಗಾಳಿ ಬೀಸದ ದಿನ ಊರಿನ ನೆತ್ತಿಯ ಮೇಲೆ ಕಂದು ಪದರ ಕೂರುತ್ತದೆ. ಅದನ್ನು 'ಬೊಯ್ನಾ' ಅನ್ನುತ್ತಾರೆ, ಅಂದರೆ ಟೋಪಿ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅದು ನಮ್ಮ ಗಾಡಿಗಳ ತಪ್ಪು. ಆಕಾಶವನ್ನು ಯಾಕೆ ಬೈಯುತ್ತೀರಿ?

ಒಂದು ಜೂನ್‌ನಲ್ಲಿ ದೊಡ್ಡಪ್ಪನ ಮಗ ಬಂದಿದ್ದ. ದೆಬೋದ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ಈಜಿಪ್ಟ್ 1968ರಲ್ಲಿ ಸ್ಪೇನ್‌ಗೆ ಕೊಟ್ಟ ಹಳೆಯ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ತಂದು ಕಟ್ಟಿದ ಜಾಗ ಅದು. ಪಡುವಣಕ್ಕೆ ಪೂರ್ತಿ ಬಯಲು. ರಾತ್ರಿ ಒಂಬತ್ತೂವರೆ, ಇನ್ನೂ ಬಿಸಿಲು. ಸ್ಪೇನ್ 1940ರಿಂದ ಮಧ್ಯ ಯುರೋಪಿನ ಗಡಿಯಾರ ಇಟ್ಟುಕೊಂಡಿದೆ, ಲಂಡನ್‌ಗಿಂತ ಒಂದು ಗಂಟೆ ಮುಂದೆ. ಮ್ಯಾಡ್ರಿಡ್ ಇರುವುದು ಮಾತ್ರ ಲಂಡನ್‌ಗಿಂತ ಪಶ್ಚಿಮಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಸೂರ್ಯ ಮುಳುಗುವಾಗ ಹತ್ತರ ಹತ್ತಿರ. ಕೆಲಸ ಮುಗಿಸಿದವರು, ಮಕ್ಕಳು, ಮುದುಕರು, ಎಲ್ಲರಿಗೂ ಬಂದು ಕೂರಲು ಸಮಯ ಸಿಗುತ್ತದೆ.

"ಇದಕ್ಕೇನಾ ಇಷ್ಟು ದೂರ ನಡೆಸಿದ್ದು? ಸೂರ್ಯ ನಮ್ಮೂರಲ್ಲೂ ಮುಳುಗ್ತಾನೆ ಕಣೋ" ಅಂದ. ನನಗೆ ನಿಜವಾಗಿ ಸಿಟ್ಟು ಬಂತು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಅವನು ಏನಂದ ಅಂತ ಕೇಳಿದರು. ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ತೂತು ಮಾಡಿ ಕಣ್ಣಿಗೆ ಹಿಡಿದರು. ನೋಡಿದ್ದು ಆಕಾಶವನ್ನಲ್ಲ. ಕೆಳಗೆ ಅರಮನೆಯ ಕಡೆಯ ಮನೆಗಳನ್ನು. 'ದೆ ಮದ್ರಿದ್ ಅಲ್ ಥಿಯೆಲೊ' ಅನ್ನುವ ಮಾತಿನ ಉಳಿದರ್ಧ ಅದೇ: 'ಆಕಾಶದಲ್ಲೊಂದು ಪುಟ್ಟ ಕಿಂಡಿ, ಈ ಊರು ನೋಡೋದಕ್ಕೆ.'

ಆ ಕಿಂಡಿ ಯಾಕೆ ಅಂತ ಮಾತ್ರ ಯಾರೂ ನನ್ನನ್ನು ಕೇಳುವುದಿಲ್ಲ. ನಾನು ಕಾಯುವುದು ಆ ಪ್ರಶ್ನೆಗೆ. ಸ್ಪ್ಯಾನಿಶ್‌ನಲ್ಲಿ 'ಥಿಯೆಲೊ' ಅಂದರೆ ಆಕಾಶವೂ ಹೌದು, ಸ್ವರ್ಗವೂ ಹೌದು. ನಾವೂ ಸತ್ತವರನ್ನು 'ಮೇಲೆ ಹೋದರು' ಅನ್ನುತ್ತೇವಲ್ಲ, ಹಾಗೆ. ಮ್ಯಾಡ್ರಿಡ್ ಬಿಟ್ಟರೆ ಮುಂದಿನ ಊರು ಸ್ವರ್ಗವೇ. ಅಲ್ಲಿಗೆ ಹೋದ ಮೇಲೂ ಮನಸ್ಸು ಇಲ್ಲೇ. ನಮ್ಮ ಹಳೇ ಮನೆಗಳಲ್ಲಿ ಬೆಳಕಿಂಡಿ ಇರುತ್ತಿತ್ತು, ಒಳಗೆ ಬೆಳಕು ಬರಲಿ ಅಂತ. ಇವರು ಕೇಳುವುದು ಅದನ್ನೇ, ಮೇಲಿನಿಂದ ಬಗ್ಗಿ ನೋಡಲು.

ನನಗೂ ಒಂದು ಕಿಂಡಿ ಸಿಗುವುದಾದರೆ ಅದು ಇಲ್ಲಿನ ವಯೇಕಾಸ್ ಬಡಾವಣೆಯ ತಿಯೊ ಪಿಯೊ ಗುಡ್ಡದ ಮೇಲೆ ತೆರೆಯಲಿ. ಜನವರಿಯ ಸಂಜೆ, ಆರು ಗಂಟೆಗೆ, ಇಡೀ ಊರಿನ ಹಿಂದೆ ಕೆಂಪು ಹರಡುವಾಗ.