ರಸ್ತೆಯ ಅಂಚಿನಲ್ಲಿ ಏನಿರುತ್ತೆ ಅನ್ನುವವರಿಗೆ

ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಪುರಾತತ್ವ ಸರ್ವೆಯ ಮಾತು ಬಂದ ಕೂಡಲೇ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ರಸ್ತೆ ಮೊದಲೇ ಇದೆಯಲ್ಲ, ಪಕ್ಕದಲ್ಲಿ ಸ್ವಲ್ಪ ಜಾಗ ತಗೋತೀವಿ ಅಷ್ಟೇ. ಅಲ್ಲೇನಿರುತ್ತೆ?"

ರಸ್ತೆ ಕೆಲಸಕ್ಕೆ ಮೊದಲು ನೆಲದಡಿ ಹಳೆಯ ಕುರುಹು ಇವೆಯೇ ಎಂದು ಹುಡುಕುವ ಈ ಸರ್ವೆಯೇ ನನ್ನ ಕೆಲಸ. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಷ್ಟೋ ಹೆದ್ದಾರಿಗಳು ಹಳೆಯ ದಾರಿಗಳ ಮೇಲೇ ಬಂದಿವೆ. ಹೊಳೆ ದಾಟಲು ಸುಲಭವಾದ ಕಡೆ ಜನ ನಡೆದರು, ಅಲ್ಲೇ ನೆಲೆ ನಿಂತರು. ಡಾಂಬರಿನ ಅಡಿಯದು ಹಾಳಾಗಿರಬಹುದು. ಅಂಚಿನ ಪಟ್ಟಿಯನ್ನು ಮಾತ್ರ ಎಷ್ಟೋ ಕಡೆ ಯಾರೂ ಆಳವಾಗಿ ಅಗೆದೇ ಇರುವುದಿಲ್ಲ.

ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಪ್ಯಾನ್ ಅಮೆರಿಕನ್ ಹೆದ್ದಾರಿಯನ್ನು ಅಗಲ ಮಾಡುವಾಗ, 2010ರ ಹೊತ್ತಿಗೆ, ತಿಮಿಂಗಿಲಗಳ ಮೂಳೆ ಸಿಕ್ಕವು. ಸುಮಾರು 250 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ 40ಕ್ಕೂ ಹೆಚ್ಚು ತಿಮಿಂಗಿಲ! ಅವು ಲಕ್ಷಾಂತರ ವರ್ಷ ಹಳೆಯ ಪಳೆಯುಳಿಕೆಗಳು, ಮನುಷ್ಯರ ಕಾಲದವಲ್ಲ, ನಿಜ. ಆದರೆ ಅದೂ ರಸ್ತೆಯಂಚಿನ ಜಾಗವೇ. ಕೆಲಸಕ್ಕೆ ಗಡುವಿತ್ತು. ಹಾಗಾಗಿ ಮೂಳೆ ಎತ್ತುವ ಮೊದಲೇ ವಿಜ್ಞಾನಿಗಳು ಲೇಸರ್‌ನಿಂದ ತ್ರೀ-ಡಿ ಸ್ಕ್ಯಾನ್ ಮಾಡಿಕೊಂಡರು.

ಅಗಲೀಕರಣದ ಸರ್ವೆಗೆ ಅದರದೇ ಕಷ್ಟಗಳಿವೆ. ಮ್ಯಾಗ್ನೆಟೋಮೀಟರ್ (ನೆಲದ ಕಾಂತಗುಣ ಅಳೆಯುವ ಯಂತ್ರ) ಹಿಡಿದು ನಡೆದರೆ ಮಣ್ಣಿನಡಿಯ ಒಲೆ, ಮಡಕೆ ಸುಡುವ ಗೂಡು, ಮುಚ್ಚಿಹೋದ ಕಂದಕ ಗೊತ್ತಾಗುತ್ತವೆ, ಏಕೆಂದರೆ ಸುಟ್ಟ ಮಣ್ಣಿನ, ಕಂದಕ ತುಂಬಿದ ಮಣ್ಣಿನ ಕಾಂತಗುಣ ಸುತ್ತಲಿನ ಮಣ್ಣಿಗಿಂತ ಬೇರೆ. ಆದರೆ ರಸ್ತೆ ಪಕ್ಕ ಕಬ್ಬಿಣದ ತಡೆಗೋಡೆ, ಪೈಪು, ಕೇಬಲ್ಲು. ಯಂತ್ರ ಅವನ್ನೇ ತೋರಿಸುತ್ತದೆ. ಅದಕ್ಕೇ ಹಳೆ ನಕ್ಷೆ, ವಿಮಾನದಿಂದ ತೆಗೆದ ಫೋಟೋ ಎಲ್ಲ ನೋಡಿದ ಮೇಲೂ ಪರೀಕ್ಷಾ ಕಂದಕ ತೋಡಲೇಬೇಕು.

ತೋಡುವಾಗ ಯಂತ್ರಕ್ಕೆ ಹಲ್ಲಿಲ್ಲದ ಅಗಲವಾದ ಬಕೆಟ್ ಹಾಕುತ್ತಾರೆ. ಮೇಲ್ಮಣ್ಣನ್ನು ತೆಳ್ಳಗೆ, ಪದರ ಪದರವಾಗಿ ಕೆರೆಯುತ್ತಾ ಹೋಗಬೇಕು. ಪಕ್ಕದಲ್ಲೇ ಒಬ್ಬರು ನಿಂತು ಮಣ್ಣಿನ ಬಣ್ಣ ನೋಡುತ್ತಿರುತ್ತಾರೆ. ಕೆಂಪು ಮಣ್ಣಿನ ನಡುವೆ ಅಂಗೈ ಅಗಲದ ಕಪ್ಪು ವೃತ್ತ. ಸ್ವಲ್ಪ ದೂರದಲ್ಲಿ ಇನ್ನೊಂದು, ಮತ್ತೊಂದು. ಮರದ ಕಂಬ ಕೊಳೆತು ಬಿಟ್ಟ ಗುರುತು ಅದು. ಸಾಲು ಸೇರಿಸಿದರೆ ಒಂದು ಮನೆ. ಹಲ್ಲಿನ ಬಕೆಟ್ ಒಂದೇ ಸಲ ಎಳೆದರೂ ಸಾಕು, ಮನೆ ಪೂರ್ತಿ ಹೋಯಿತು. ಆಮೇಲೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ ಕೇಂಬ್ರಿಜ್‌ನಿಂದ ಹಂಟಿಂಗ್ಡನ್ ಕಡೆಗೆ ಎ14 ಹೆದ್ದಾರಿಯ ಕೆಲಸಕ್ಕೆ ಮೊದಲು ದೊಡ್ಡ ಮಟ್ಟದಲ್ಲಿ ಅಗೆದರು. ರೋಮನ್ ಕಾಲದ ಮಡಕೆ ಸುಡುವ ಗೂಡುಗಳು, ಜನ ಬಿಟ್ಟುಹೋದ ಮಧ್ಯಯುಗದ ಒಂದು ಹಳ್ಳಿ ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಿಂದೆ ಬಿಯರ್ ಕಾಯಿಸಿದ್ದರ ಸುಟ್ಟ ಚೂರುಗಳೂ ಸಿಕ್ಕವು. ರಸ್ತೆಯೂ 2020ರಲ್ಲಿ ಸಂಚಾರಕ್ಕೆ ತೆರೆಯಿತು.

ಇನ್ನೊಂದು ವಿಷಯ, ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಸರ್ವೆ ರಸ್ತೆಯ ಗೆರೆಗಷ್ಟೇ ಸಾಲದು. ಮಣ್ಣು ತೆಗೆಯುವ ಜಾಗ, ಕೆಲಸಗಾರರ ಕ್ಯಾಂಪು, ತಾತ್ಕಾಲಿಕ ದಾರಿ, ಹೊಸ ಪೈಪ್‌ಲೈನು, ಇವೆಲ್ಲದಕ್ಕೂ ಬೇಕು. ಎಷ್ಟೋ ಸಲ ನೆಲ ಜಾಸ್ತಿ ಕೆದರುವುದು ಅಲ್ಲೇ.

ಅಲೈನ್‌ಮೆಂಟ್, ಅಂದರೆ ರಸ್ತೆ ಹಾದುಹೋಗುವ ಗೆರೆ, ನಿಗದಿಯಾಗುವ ಮೊದಲೇ ಸರ್ವೆ ಮುಗಿದರೆ ದಾರಿಗಳಿವೆ. ಚರಂಡಿಯನ್ನು ಪಕ್ಕಕ್ಕೆ ಸರಿಸಬಹುದು, ಅಗಲೀಕರಣವನ್ನು ಇನ್ನೊಂದು ಬದಿಗೆ ಹಾಕಬಹುದು, ಕೆಲವು ಕಡೆ ಸಿಕ್ಕ ಅವಶೇಷದ ಮೇಲೆ ರಕ್ಷಣೆಗೆ ಗಟ್ಟಿ ಬಟ್ಟೆ ಹಾಸಿ, ಮಣ್ಣು ತುಂಬಿ ಹಾಗೇ ಉಳಿಸಬಹುದು. ಜೆಸಿಬಿ ಬಂದು ನಿಂತ ಮೇಲೆ ಸಿಕ್ಕರೆ, ಅವಸರದಲ್ಲಿ ಅಗೆದು ಎತ್ತುವುದೊಂದೇ ಉಳಿಯುತ್ತದೆ.