ಕ್ರಿಸ್‌ಮಸ್ ಬೆಳಗ್ಗೆ ಡಂಪ್ ಸ್ಟೇಷನ್ ಕ್ಯೂನಲ್ಲಿ

ಕ್ಯಾಂಪರ್‌ವ್ಯಾನ್ ಪ್ರವಾಸದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಹಿಂದಿನ ಬಾಗಿಲು ತೆರೆದಿದೆ, ಬಿಳಿ ಹಾಸಿಗೆ ಇದೆ, ಕೈಯಲ್ಲಿ ಕಾಫಿ ಮಗ್ಗು, ಎದುರಿಗೆ ನೀಲಿ ಸರೋವರ. ಆ ಫೋಟೋಗಳಲ್ಲಿ ಯಾರೂ ಕ್ಯಾಸೆಟ್ ತೋರಿಸುವುದಿಲ್ಲ. ವ್ಯಾನಿನ ಟಾಯ್ಲೆಟ್ ಕೆಳಗೆ ಕೂತಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಅಲ್ಲಿ ಎಲ್ಲರೂ ಕ್ಯಾಸೆಟ್ ಅನ್ನುತ್ತಾರೆ. ವಿಮಾನದೊಳಗೆ ಒಯ್ಯುವ ಸೂಟ್‌ಕೇಸಿನಷ್ಟು ದೊಡ್ಡದು, ಹಿಡಿಯೂ ಇರುತ್ತದೆ. ತುಂಬಿದಾಗ ಕೆಂಪು ದೀಪ ಹತ್ತುತ್ತದೆ, ಆಗ ಡಂಪ್ ಸ್ಟೇಷನ್ನಿಗೆ ಒಯ್ದು ಖಾಲಿ ಮಾಡಬೇಕು. ನಮ್ಮದು ಹತ್ತಿದ್ದು ಡಿಸೆಂಬರ್ 25ರ ಬೆಳಗ್ಗೆ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಟ್ವೈಜಲ್ ಎಂಬ ಪುಟ್ಟ ಊರಿನಲ್ಲಿ.

ನಮ್ಮವರ ಆಫೀಸು ಡಿಸೆಂಬರ್ ಕೊನೆಯ ವಾರ ಬಾಗಿಲು ಹಾಕುತ್ತದೆ. ಅಮೆರಿಕದ ಕಂಪನಿ, ಅವರಿಗೆ ಹಬ್ಬ, ನಮಗೆ ಬಿಟ್ಟಿ ರಜೆ. ಮಗಳು ಹಾಸ್ಟೆಲ್‌ನಿಂದ ಬರುವುದಿಲ್ಲ, ಗೆಳತಿಯರ ಜೊತೆ ಗೋಕರ್ಣಕ್ಕೆ ಹೋಗ್ತೀನಿ ಅಂದಳು. ಹಾಗಾಗಿ ನಾವಿಬ್ಬರೇ. ನನಗೆ ಚಳಿ ಆಗಿಬರುವುದಿಲ್ಲ, ಆದ್ದರಿಂದ ಯುರೋಪ್ ಬೇಡ ಅಂದೆ. ನ್ಯೂಜಿಲೆಂಡಿನಲ್ಲಿ ಡಿಸೆಂಬರ್ ಅಂದರೆ ಬೇಸಿಗೆ, ರಾತ್ರಿ ಒಂಬತ್ತು ಗಂಟೆಗೂ ಬಿಸಿಲು. ಗಾಡಿ ಓಡಿಸುವುದು ನಮ್ಮಂತೆಯೇ ರಸ್ತೆಯ ಎಡಕ್ಕೆ. ಇಂಗ್ಲಿಷ್‌ನಲ್ಲಿರುವ ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಆದರೆ ಆ ದಿನಗಳಲ್ಲೇ ಅಲ್ಲಿನವರಿಗೂ ಶಾಲೆ ರಜೆ, ಊರಿಗೆ ಊರೇ ಟೆಂಟು, ದೋಣಿ ಕಟ್ಟಿಕೊಂಡು ಹೊರಟಿರುತ್ತದೆ. ವ್ಯಾನು, ರಾತ್ರಿ ನಿಲ್ಲಿಸುವ ಜಾಗ ಎರಡನ್ನೂ ತಿಂಗಳುಗಟ್ಟಲೆ ಮುಂಚೆ ಹಿಡಿದಿಡದಿದ್ದರೆ ಕಷ್ಟ.

ಕ್ರೈಸ್ಟ್‌ಚರ್ಚ್‌ನಲ್ಲಿ ವ್ಯಾನ್ ಕೊಡುವ ಹುಡುಗಿ ಅರ್ಧ ಗಂಟೆ ಪಾಠ ಮಾಡಿದಳು. ಇದು ಕುಡಿಯುವ ನೀರಿನ ಟ್ಯಾಂಕ್. ಇದು ಗ್ರೇ ವಾಟರ್, ಅಂದರೆ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು, ಇದನ್ನು ಎಲ್ಲೆಂದರಲ್ಲಿ ಬಿಡುವ ಹಾಗಿಲ್ಲ. ಇದು ಗ್ಯಾಸ್. ಇದು ವ್ಯಾನಿನ ವಾಸದ ಭಾಗದ ಬ್ಯಾಟರಿ, ಅದು ಇಂಜಿನ್ ಬ್ಯಾಟರಿ. ಗಾಜಿನ ಮೇಲೆ ಅಂಟಿಸಿದ ಹಸಿರು ಚೀಟಿ ತೋರಿಸಿ, ಇದಿದ್ದರೆ ಮಾತ್ರ ಅನುಮತಿ ಇರುವ ಕಡೆ ಪುಕ್ಕಟೆ ನಿಲ್ಲಿಸಬಹುದು, ಅನುಮತಿ ಇಲ್ಲದ ಕಡೆ ನಿಲ್ಲಿಸಿದರೆ 400 ಡಾಲರ್‌ನಿಂದ ದಂಡ ಶುರು ಅಂದಳು. 2023ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ, ಈ ಚೀಟಿ ಸಿಗಬೇಕಾದರೆ ಟಾಯ್ಲೆಟ್ ವ್ಯಾನಿಗೇ ಕೂಡಿಸಿರಬೇಕು, ಬಿಡಿಯಾಗಿ ಇಡುವ ಡಬ್ಬ ನಡೆಯುವುದಿಲ್ಲ. ನಮ್ಮವರು ಎಲ್ಲವನ್ನೂ ವಿಡಿಯೋ ಮಾಡಿಕೊಂಡರು. ಮದುವೆ ವಿಡಿಯೋ ಕೂಡ ಅಷ್ಟು ಸಲ ನೋಡಿಲ್ಲ, ಅದನ್ನು ನೋಡಿದರು.

ಮನೆಯಲ್ಲಿ ನಮ್ಮಿಬ್ಬರ ವ್ಯವಸ್ಥೆ ಹೇಳಿಬಿಡುತ್ತೇನೆ. ನಮ್ಮವರು ಒಳ್ಳೆಯವರು, ಹೇಳಿದರೆ ಮಾಡುತ್ತಾರೆ. ಹೇಳಬೇಕು ಅಷ್ಟೇ. ಹಾಲು ಮುಗಿದಿದೆ ಅಂತ ಹೇಳಬೇಕು, ಸಿಂಕ್ ಕಟ್ಟಿದೆ ಅಂತ ಹೇಳಬೇಕು, ಸಿಲಿಂಡರ್ ಬುಕ್ ಮಾಡಿ ಅಂತ ಹೇಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೀರು ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ, ಕಸವನ್ನು ಯಾರೋ ಒಯ್ಯುತ್ತಾರೆ. ಟ್ಯಾಂಕರ್ ಬರದಿದ್ದ ದಿನ ಮಾತ್ರ ಗ್ರೂಪಿನಲ್ಲಿ ಗಲಾಟೆ. ವ್ಯಾನಿನಲ್ಲಿ ಹಾಗಿಲ್ಲ. ನಾಲ್ಕು ಸಣ್ಣ ದೀಪಗಳ ಫಲಕ ಹಾಸಿಗೆಯ ಪಕ್ಕದಲ್ಲೇ ಇದೆ. ನೀರು ಎಷ್ಟಿದೆ, ಕೊಳೆ ನೀರು ಎಷ್ಟಾಗಿದೆ, ಬ್ಯಾಟರಿ ಎಷ್ಟಿದೆ, ಎಲ್ಲವನ್ನೂ ಅದೇ ಹೇಳುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ಎರಡನೇ ದಿನದಿಂದ ಇವರು ಎದ್ದ ತಕ್ಷಣ ಕನ್ನಡಕ ಹಾಕಿಕೊಂಡು ಅದನ್ನು ನೋಡತೊಡಗಿದರು. ಲೋಟ ತೊಳೆಯಲು ನಲ್ಲಿ ಪೂರ್ತಿ ಬಿಟ್ಟರೆ ಹಿಂದಿನಿಂದ "ಅಷ್ಟು ನೀರು ಯಾಕೆ ಮಾರಾಯ್ತಿ" ಅನ್ನುವ ದನಿ. ಈ ಮಾತನ್ನು ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರು ಯಾರಿಗೆ ಹೇಳುತ್ತಿದ್ದರು ಅಂತ ಬೇರೆ ಹೇಳಬೇಕಾ!

ಡಿಸೆಂಬರ್ 24ರಂದು ಟೆಕಾಪೋ ಸರೋವರ ನೋಡಿದೆವು. ದಡದಲ್ಲಿ 1935ರ ಕಲ್ಲಿನ ಚರ್ಚು, ನೇರಳೆ ಗುಲಾಬಿ ಬಣ್ಣದ ಲೂಪಿನ್ ಹೂಗಳು, ಅದರ ಮಧ್ಯೆ ಮದುವೆ ಉಡುಪಿನಲ್ಲಿ ಫೋಟೋ ತೆಗೆಸಿಕೊಳ್ಳುವವರು. ನೀರಿನ ಬಣ್ಣ ನಿಜಕ್ಕೂ ಫೋಟೋದಲ್ಲಿರುವ ಹಾಗೇ ಇದೆ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ, ಆ ನುಣ್ಣನೆ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಹಾಲುಮಿಶ್ರಿತ ನೀಲಿ. ಲೂಪಿನ್ ಮಾತ್ರ ಅಲ್ಲಿನದ್ದಲ್ಲ. ಹೊರಗಿನಿಂದ ಬಂದ ಗಿಡ, ನದಿಯ ಜಲ್ಲಿಕಲ್ಲಿನ ಮೇಲೆಲ್ಲ ಹಬ್ಬಿ ಅಲ್ಲಿ ಮೊಟ್ಟೆ ಇಡುವ ಹಕ್ಕಿಗಳಿಗೆ ಜಾಗ ಇಲ್ಲದಂತೆ ಮಾಡಿದೆ. ನಮ್ಮ ಕಾಡುಗಳ ಲಂಟಾನ ಕೂಡ ಹೂವಿನ ಚಂದಕ್ಕೇ ಬಂದದ್ದು ಅಲ್ವಾ. ನಾನೂ ಫೋಟೋ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಟ್ವೈಜಲ್ ಸೂಪರ್ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಲ್ಲಿ ಕ್ರಿಸ್‌ಮಸ್ ದಿನ ಅಂಗಡಿ ತೆರೆಯುವುದನ್ನು ಕಾನೂನೇ ತಡೆಯುತ್ತದೆ. ವರ್ಷಕ್ಕೆ ಮೂರೂವರೆ ದಿನ ಹೀಗೆ: ಕ್ರಿಸ್‌ಮಸ್, ಗುಡ್ ಫ್ರೈಡೇ, ಈಸ್ಟರ್ ಭಾನುವಾರ, ಮತ್ತೆ ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ಏಪ್ರಿಲ್ 25ರ ಆನ್‌ಜಾಕ್ ದಿನ ಮಧ್ಯಾಹ್ನ ಒಂದರವರೆಗೆ. ಪೆಟ್ರೋಲ್ ಬಂಕ್, ಹೋಟೆಲ್ ತರಹದವಕ್ಕೆ ವಿನಾಯಿತಿ ಇದೆ, ಆದರೆ ಸಣ್ಣ ಊರಿನಲ್ಲಿ ಅವರೂ ಮನೆಗೆ ಹೋಗಿರುತ್ತಾರೆ. ಜನ ಹ್ಯಾಮು, ಕ್ರೀಮು, ಸ್ಟ್ರಾಬೆರಿ ಬುಟ್ಟಿಗಟ್ಟಲೆ ಹೊರುತ್ತಿದ್ದರು. ನಾವು ಮೊಸರು, ಬೀನ್ಸ್, ಕ್ಯಾರೆಟ್, ಚೆರ್ರಿ ಹಣ್ಣು ತೆಗೆದುಕೊಂಡೆವು. ತೊಗರಿಬೇಳೆ, ಹುಣಸೆಹಣ್ಣು ಕ್ರೈಸ್ಟ್‌ಚರ್ಚ್‌ನ ಇಂಡಿಯನ್ ಅಂಗಡಿಯಲ್ಲೇ ಕೊಂಡಿದ್ದೆ. ಮನೆಯಿಂದ ತಂದದ್ದು ಅಂಗಡಿ ಪ್ಯಾಕೆಟ್ಟಿನ ಬಿಸಿಬೇಳೆಬಾತ್ ಪುಡಿ, ಮತ್ತೆ ಮೂರು ಲೀಟರ್ ಕುಕ್ಕರ್. ತಿನ್ನುವ ಸಾಮಾನನ್ನು ವಿಮಾನ ನಿಲ್ದಾಣದಲ್ಲಿ ಹೇಳದೆ ಒಳಗೆ ತಂದರೆ ಅದಕ್ಕೂ 400 ಡಾಲರ್ ದಂಡ. ನಾನು ಎಲ್ಲ ಬರೆದುಕೊಟ್ಟೆ, ಅಧಿಕಾರಿ ಪುಡಿ ನೋಡಿ ಬಿಟ್ಟರು, ಕುಕ್ಕರ್ ಮಾತ್ರ ಎರಡು ಸಲ ತಿರುಗಿಸಿ ನೋಡಿದರು.

ಟ್ವೈಜಲ್ ನನಗೆ ಬಹಳ ಹಿಡಿಸಿತು. ನೋಡಲು ಅಂಥದ್ದೇನಿಲ್ಲ. 1968ರಲ್ಲಿ ಜಲವಿದ್ಯುತ್ ಯೋಜನೆಯ ಕೆಲಸಗಾರರಿಗೆ ಅಂತ ಕಟ್ಟಿದ ಊರು. ಕೆಲಸ ಮುಗಿದ ಮೇಲೆ ಕಿತ್ತುಹಾಕಬೇಕಿತ್ತು, ಜನ ಪಟ್ಟು ಹಿಡಿದು ಉಳಿಸಿಕೊಂಡರು. ನಮ್ಮಪ್ಪ ಶರಾವತಿ ಯೋಜನೆಯಲ್ಲಿದ್ದವರು, ನಾನು ಬೆಳೆದದ್ದು ಕಾರ್ಗಲ್ ಕಡೆ ಕಾಲೋನಿಯಲ್ಲಿ. ಒಂದೇ ಅಳತೆಯ ಮನೆಗಳು, ಅಗತ್ಯಕ್ಕಿಂತ ಅಗಲದ ರಸ್ತೆ, ಊರಾಚೆ ನೀರಿನ ಕಾಲುವೆ. ಹೋಗುತ್ತಾ ಹೋಗುತ್ತಾ "ಇಲ್ಲಿ ಸ್ಟೋರ್ಸ್ ಇರಬೇಕು, ಅಲ್ಲಿ ಕ್ಲಬ್ ಇರಬೇಕು" ಅನ್ನುತ್ತಿದ್ದೆ. ಇವರು ಮ್ಯಾಪ್ ನೋಡಿ ನಗುತ್ತಿದ್ದರು.

ಸರಿ, ಬೆಳಗ್ಗೆ ಕೆಂಪು ದೀಪ. ಟಾಯ್ಲೆಟ್ ಕೆಲಸ ಇವರದ್ದು ಅಂತ ಮೊದಲೇ ಮಾತಾಗಿತ್ತು. ಬದಲಿಗೆ ಬೆಟ್ಟದ ರಸ್ತೆಯಲ್ಲಿ ಡ್ರೈವಿಂಗ್ ನನ್ನದು. ಘಟ್ಟದ ತಿರುವು ನನಗೆ ಹೊಸದಲ್ಲ, ಅಲ್ಲಿನ ಒಂದೇ ಗಾಡಿ ಹಿಡಿಸುವ ಸೇತುವೆಗಳೂ ಹೆದರಿಸಲಿಲ್ಲ. ನಮ್ಮ ಕಡೆಯ ಬಾಣ ಸಣ್ಣದು, ಕೆಂಪು ಬಣ್ಣದ್ದು ಇದ್ದರೆ ನಿಲ್ಲಬೇಕು, ಎದುರಿನವರು ದಾಟಿದ ಮೇಲೆ ಹೋಗಬೇಕು, ಎಲ್ಲರೂ ನಿಲ್ಲುತ್ತಾರೆ, ಅದೇ ಆಶ್ಚರ್ಯ. ಇವರಿಗೆ ಆ ಉದ್ದ ಗಾಡಿ ಕಂಡರೆ ಬೆವರು.

ಡಂಪ್ ಸ್ಟೇಷನ್ ಅಂದರೆ ನೆಲದಲ್ಲಿ ಮುಚ್ಚಳದ ಗುಂಡಿ, ತೊಳೆಯಲು ಒಂದು ನಲ್ಲಿ, ಕುಡಿಯುವ ನೀರಿಗೆ ದೂರದಲ್ಲಿ ಇನ್ನೊಂದು ನಲ್ಲಿ. ಅಷ್ಟು ಬೆಳಗ್ಗೆ ಯಾರೂ ಇರಲಿಕ್ಕಿಲ್ಲ ಅಂದುಕೊಂಡಿದ್ದರೆ ದೊಡ್ಡ ಕ್ಯೂ. ಹಬ್ಬದ ದಿನ ಎಲ್ಲರಿಗೂ ಖಾಲಿ ಡಬ್ಬದಲ್ಲೇ ಹೊರಡಬೇಕು ಅಂತ ಆಸೆ ಇರಬೇಕು. ಒಬ್ಬರಿಗೆ ಸಾಂತಾ ಟೋಪಿ, ಒಬ್ಬಾಕೆಗೆ ಜಿಂಕೆಯ ಕೊಂಬು, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಕ್ಯಾಸೆಟ್. ಎಲ್ಲರೂ ಎಲ್ಲರಿಗೂ ಮೆರ್ರಿ ಕ್ರಿಸ್‌ಮಸ್ ಹೇಳುತ್ತಿದ್ದಾರೆ, ಕೈಕುಲುಕುವ ಕೆಲಸ ಮಾತ್ರ ಯಾರೂ ಮಾಡುತ್ತಿಲ್ಲ. ಇವರ ಸರದಿ ಬಂದಾಗ ಹಿಂದಿದ್ದ ಟೋಪಿಯವರು ಹೇಳಿದರು, ಸುರಿಯುವಾಗ ಹೆಬ್ಬೆರಳಿನಿಂದ ಕ್ಯಾಸೆಟ್ಟಿನ ಆ ಬಟನ್ ಒತ್ತಿ ಹಿಡಿ, ಗಾಳಿ ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಬುಳುಕ್ ಬುಳುಕ್ ಅಂತ ಪ್ಯಾಂಟಿಗೆ ಹಾರುತ್ತದೆ ಅಂತ. ವಿಡಿಯೋದಲ್ಲಿ ಈ ಬಟನ್ನಿನ ವಿಷಯ ಇರಲಿಲ್ಲ. ಇವರು ವಾಪಸ್ ಬಂದದ್ದು ಗೆದ್ದು ಬಂದವರ ಹಾಗೆ. ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಂಡು, "ಕಾಫಿ ನಾನೇ ಮಾಡ್ತೀನಿ" ಅಂದರು. ಬೇಡ ರೀ, ಇವತ್ತೊಂದಿನ ನಾನೇ ಮಾಡ್ತೀನಿ ಅಂದೆ.

ಅಲ್ಲಿಂದ ಪುಕಾಕಿ ಸರೋವರದ ದಡ ಹಿಡಿದು ಮೌಂಟ್ ಕುಕ್. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಇಟ್ಟ ಹೆಸರು ಆವೊರಾಕಿ, 3,724 ಮೀಟರ್, ದೇಶದಲ್ಲೇ ಎತ್ತರದ ಶಿಖರ. ಎವರೆಸ್ಟ್ ಏರುವ ಐದು ವರ್ಷ ಮುಂಚೆ, 1948ರಲ್ಲಿ, ಹಿಲರಿ ಇದನ್ನು ಏರಿದ್ದರು. ಆದರೆ ಮೊದಲು ಏರಿದವರ ಕಥೆ ಇನ್ನೂ ಚೆನ್ನಾಗಿದೆ. ಯುರೋಪಿನಿಂದ ಒಬ್ಬ ಶ್ರೀಮಂತ ತನ್ನ ಗೈಡ್ ಕರೆದುಕೊಂಡು ಬರುತ್ತಿದ್ದಾನೆ ಅಂತ ಸುದ್ದಿ ಬಂತು. ನಮ್ಮೂರ ಬೆಟ್ಟ, ಅವನು ಯಾರು ಮೊದಲು ಏರಲಿಕ್ಕೆ ಅಂತ ಟಾಮ್ ಫೈಫ್, ಜಾರ್ಜ್ ಗ್ರಹಾಂ, ಜ್ಯಾಕ್ ಕ್ಲಾರ್ಕ್ ಎಂಬ ಸ್ಥಳೀಯರು ಹೊರಟೇಬಿಟ್ಟರು. ತುದಿ ಮುಟ್ಟಿದ್ದು 1894ರ ಡಿಸೆಂಬರ್ 25ರಂದು. ನಾವೂ ಅದೇ ತಾರೀಕಿಗೆ ಕೆಳಗೆ ಹೂಕರ್ ಕಣಿವೆಯಲ್ಲಿ ನಡೆದೆವು. ಹೋಗಿ ಬರಲು ಹತ್ತು ಕಿಲೋಮೀಟರ್, ದಾರಿಯಲ್ಲಿ ಮೂರು ತೂಗುಸೇತುವೆ, ಬದಿಯಲ್ಲಿ ಅಂಗೈಯಷ್ಟು ಎಲೆಯ ಬಿಳಿ ಮೌಂಟ್ ಕುಕ್ ಲಿಲ್ಲಿ. ಕೊನೆಗೆ ಬೂದಿಬಣ್ಣದ ಸರೋವರ, ಅದರಲ್ಲಿ ಮಂಜುಗಡ್ಡೆ ತೇಲುತ್ತಿವೆ. ವಾಯವ್ಯದ ಗಾಳಿ ಟೋಪಿ ಕಿತ್ತುಕೊಳ್ಳುತ್ತಿತ್ತು. ಶಿಖರ ಮೋಡದೊಳಗೆ. ನಾಲ್ಕು ಹುಡುಗರು ಆ ನೀರಿಗೆ ಹಾರಿ, ಹಾರಿದ್ದಕ್ಕಿಂತ ಬೇಗ ಮೇಲೆ ಬಂದರು.

ರಾತ್ರಿ ನಿಂತದ್ದು ವೈಟ್ ಹಾರ್ಸ್ ಹಿಲ್ ಎಂಬ ಸರ್ಕಾರಿ ಕ್ಯಾಂಪಿನಲ್ಲಿ. ಕರೆಂಟ್ ಪ್ಲಗ್ ಇಲ್ಲ, ಸುತ್ತ ಬೆಟ್ಟ. ಅವತ್ತು ಅಡುಗೆ ಇವರದ್ದು, ಪಕ್ಕದಲ್ಲಿ ನಿಂತು ಹೇಳಿಕೊಡುವುದು ನನ್ನದು. ನಿಲ್ಲಲಿಕ್ಕಾದರೂ ಎಲ್ಲಿ ಜಾಗ, ಒಬ್ಬರು ತಿರುಗಿದರೆ ಇನ್ನೊಬ್ಬರು ಹಾಸಿಗೆ ಮೇಲೆ ಕೂರಬೇಕು. ಟೇಬಲ್ ಇಳಿಸಿ ಹಾಸಿಗೆ ಮಾಡಿದ ಮೇಲೆ ಸಾಸಿವೆ ಡಬ್ಬಿ ಹಾಸಿಗೆ ಕೆಳಗೆ ಉಳಿದದ್ದು ಗೊತ್ತಾಗಿ ಒಂದು ಸಣ್ಣ ಜಗಳವೂ ಆಯಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಆ ಕಣಿವೆಯಲ್ಲಿ ಆ ಸೀಟಿ ಎಷ್ಟು ದೊಡ್ಡದು ಕೇಳಿಸಿತು ಅಂದರೆ ಪಕ್ಕದ ಮೋಟಾರ್‌ಹೋಮ್‌ನಿಂದ ವಯಸ್ಸಾದ ಗಂಡಹೆಂಡತಿ ಓಡಿ ಬಂದರು, ಗ್ಯಾಸ್ ಅಲಾರ್ಮ್ ಹೊಡೆಯಿತಾ ಅಂತ. ಇನ್ನೆರಡು ಸಲ ಕೂಗುತ್ತದೆ, ಗಾಬರಿ ಬೇಡ ಅಂದೆವು. ಅವರು ನಿಂತು ಎರಡನ್ನೂ ಕೇಳಿಯೇ ಹೋದರು!

ಸೌತ್‌ಲ್ಯಾಂಡಿನ ಹೈನುಗಾರರು ಅವರು. ಇಷ್ಟು ವರ್ಷದಲ್ಲಿ ಕ್ರಿಸ್‌ಮಸ್ ದಿನ ಹಾಲು ಕರೆಯದೆ ಇದ್ದದ್ದು ಇದೇ ಮೊದಲಂತೆ, ಈ ಸಲ ಮಗ ನೋಡಿಕೊಳ್ಳುತ್ತಿದ್ದಾನೆ. ಹಸುವಿಗೆ ಕ್ಯಾಲೆಂಡರ್ ಗೊತ್ತಿಲ್ಲವಲ್ಲ ಅಂದರು ಆ ಅಜ್ಜಿ. ಸಾಗರದ ನನ್ನ ಅಜ್ಜನ ಮನೆಯಲ್ಲಿ ದೀಪಾವಳಿ ದಿನವೂ ಸಗಣಿ ಬಾಚಿಯೇ ಎಣ್ಣೆಸ್ನಾನ, ಅದನ್ನು ಹೇಳಿದೆ. ಸಗಣಿ ಬಾಚುವುದು ಯಾರು ಅಂತ ಕೇಳಿದರು. ಅತ್ತೆಯಂದಿರು ಅಂದೆ. ಆಕೆ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದರು, ಅಲ್ಲಿಗೆ ಆ ವಿಷಯ ಮುಗಿಯಿತು. ಬಿಸಿಬೇಳೆಬಾತ್ ಸ್ವಲ್ಪ ನೀರಾಗಿತ್ತು, ರುಚಿ ಏನೂ ಮೋಸ ಇಲ್ಲ. ಕತ್ತಲಾಗಲು ಹನ್ನೊಂದು ದಾಟಬೇಕಾಯಿತು. ಗಾಳಿ ಮೋಡ ಸರಿಸಿತ್ತು. ಮಹಾವ್ಯಾಧ ತಲೆಕೆಳಗಾಗಿ ನಿಂತಿದ್ದ, ಭೂಮಿಯ ಆ ಕಡೆಯಿಂದ ನೋಡಿದರೆ ಹಾಗೇ ಕಾಣುವುದು. ಇವರು ಕುತ್ತಿಗೆ ಓರೆ ಮಾಡಿ ಅವನನ್ನು ನೆಟ್ಟಗೆ ಮಾಡಲು ನೋಡುತ್ತಿದ್ದರು.

ಆಮೇಲಿನದ್ದು ಬೇಗ ಹೇಳುತ್ತೇನೆ. ಕ್ರಾಮ್‌ವೆಲ್‌ನಲ್ಲಿ ಹಣ್ಣಿನ ತೋಟ, ಟೆ ಅನೌ ಊರು, ಅಲ್ಲಿಂದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಮಿಲ್ಫರ್ಡ್ ಸೌಂಡ್. ಜಾಸ್ತಿ ಮಳೆಯ ಜಾಗ ಅಂತ ಎಲ್ಲರೂ ಹೆದರಿಸಿದರು, ಆಗುಂಬೆ ನೋಡಿದವರಿಗೆ ಅದರಲ್ಲೇನು. ಮಳೆ ಬಂದರೇ ಅಲ್ಲಿ ಚಂದ, ಬಂಡೆ ಬಂಡೆಯಿಂದ ಜಲಪಾತ ಇಳಿಯುತ್ತದೆ. ಹೋಮರ್ ಸುರಂಗದ ಬಾಯಲ್ಲಿ ಸಿಗ್ನಲ್‌ಗೆ ಕಾಯುವಾಗ ಕೀಯಾ ಎಂಬ ಬೆಟ್ಟದ ಗಿಳಿ ವ್ಯಾನ್ ಮೇಲೆ ಕೂತು ಕಿಟಕಿಯ ರಬ್ಬರ್ ಕೀಳತೊಡಗಿತು. ಸ್ಯಾಂಡ್‌ಫ್ಲೈ ನೊಣ ಕಚ್ಚಿದ ಗುರುತು ಸಂಕ್ರಾಂತಿಯವರೆಗೂ ಇತ್ತು.

ಒಂದು ಲೆಕ್ಕದ ಮಾತು, ಹೋಗುವವರಿಗೆ. ಅಲ್ಲಿ ಡೀಸೆಲ್ ಪೆಟ್ರೋಲಿಗಿಂತ ಅಗ್ಗ ಕಾಣುತ್ತದೆ, ಖುಷಿಪಡಬೇಡಿ. ಪೆಟ್ರೋಲಿನ ಬೆಲೆಯಲ್ಲೇ ರಸ್ತೆ ತೆರಿಗೆ ಸೇರಿರುತ್ತದೆ, ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ತೆರಿಗೆ. ವ್ಯಾನ್ ವಾಪಸ್ ಕೊಡುವಾಗ ಮೀಟರ್ ನೋಡಿ ನೂರು ಕಿಲೋಮೀಟರಿಗೆ ಇಷ್ಟು ಅಂತ ಕಾರ್ಡಿನಲ್ಲಿ ಹಿಡಿದುಕೊಳ್ಳುತ್ತಾರೆ. ಕೊನೆಯ ದಿನದ ಹೋಟೆಲ್ ಊಟ ಅದಕ್ಕೇ ಹೋಯಿತು.

ವ್ಯಾನ್ ವಾಪಸ್ ಕೊಡುವ ಜಾಗದಲ್ಲಿ ಒಂದು ಕಪಾಟು ಇತ್ತು. ಹೊರಡುವವರು ಉಳಿದ ಸಾಮಾನು ಬಿಟ್ಟುಹೋಗಬಹುದು, ಬರುವವರು ಬೇಕಾದ್ದು ಎತ್ತಿಕೊಳ್ಳಬಹುದು. ಅರ್ಧ ಪ್ಯಾಕೆಟ್ ಪಾಸ್ತಾ, ಉಪ್ಪು, ಪಾತ್ರೆ ಸೋಪು. ನಾವು ಉಳಿದ ತೊಗರಿಬೇಳೆ, ಹುಣಸೆಹಣ್ಣು, ಪುಡಿ ಇಟ್ಟೆವು. ಜರ್ಮನಿಯ ಹುಡುಗನೊಬ್ಬ ಪುಡಿಯ ಪ್ಯಾಕೆಟ್ ಮೂಸಿ ನೋಡಿ, ಇದನ್ನು ಮಾಡುವುದು ಹೇಗೆ ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇವರು ಶುರು ಮಾಡಿದರು. ಬೇಳೆ ತೊಳೆಯುವುದರಿಂದ ಹಿಡಿದು ತುಪ್ಪ ಹಾಕುವವರೆಗೆ, ಕೈ ಕೈ ಆಡಿಸಿಕೊಂಡು. ಅವನು ಫೋನಿನಲ್ಲಿ ಬರೆದುಕೊಂಡ. ಹುಣಸೆರಸವನ್ನು ಬೇಳೆಯ ಜೊತೆಗೇ ಹಾಕು ಅಂದರು, ಹಾಗೆ ಹಾಕಿದರೆ ಬೇಳೆ ಬೇಯುವುದಿಲ್ಲ. ತಿದ್ದಿ ಹೇಳೋಣ ಅಂದುಕೊಂಡೆ, ಏರ್‌ಪೋರ್ಟ್ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.